ಮಕ್ಕಳ ತೀವ್ರ ನಿಗಾ ಘಟಕವೂ ಮದ್ದಿಗೆ ಮಣಿಯದ ರೋಗಾಣುಗಳೂ

ರೋಗ ವಾಸಿಯಾಗಲೆಂದು ಆಸ್ಪತ್ರೆಗೆ ಹೋಗುವುದು ಲೋಕರೂಢಿ. ಅಲ್ಲಿಗೆ ಹೋದ ಮೇಲೆ, ಮನೆಯಿಂದ ಹೊರಡುವಾಗ ಇಲ್ಲದಿದ್ದ ಇನ್ನೊಂದು ರೋಗ ಅಂಟಿಕೊಳ್ಳುವುದೂ ಉಂಟು ಎಂದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದು ಯಾರಿಗಾದರೂ ಅನ್ನಿಸದೆ ಇರದು. ಆ ರೋಗಿಯು ಹಾಲು ಕುಡಿಯುವ ಕೂಸಾಗಿದ್ದು, ಅಂಟಿಕೊಂಡ ರೋಗದ ಮುಂದೆ ವೈದ್ಯರ ಬಳಿಯಿರುವ ಮದ್ದುಗಳು ಒಂದೊಂದಾಗಿ ಸೋಲತೊಡಗಿದರೆ ಆ ತಾಯಿತಂದೆಯರ ಸಂಕಟವನ್ನು ಹೇಳತೀರದು. ಇಂತಹ ಸಂಕಟವು ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ, ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ, ನಡೆಯುತ್ತಿರತಕ್ಕ ಸಂಗತಿ.

ನಾನು ವೈದ್ಯಶಾಸ್ತ್ರವನ್ನು ಓದಿದವನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಇದರ ಅರ್ಧ ಭಾಗ ಮಾತ್ರ ಜೀವಶಾಸ್ತ್ರಕ್ಕೆ ಸೇರಿದ್ದು. ಉಳಿದರ್ಧ, ಹಲವರಿಗೆ ಸೇರಿದ ಒಂದು ಸ್ವತ್ತನ್ನು ಹಲವರು ಹೇಗೆ ಬಳಸಬೇಕು, ಬಳಸದೆ ಹೇಗೆ ಕಾಯಬೇಕು ಎಂಬ ಪ್ರಶ್ನೆಗೆ ಸೇರಿದ್ದು. ಆ ಪ್ರಶ್ನೆಯು ನಮ್ಮ ಕಲಾ ವಿಭಾಗದ ಪಾಠಗಳಿಂದ ದೂರವಾದುದೇನೂ ಅಲ್ಲ.

ಘಟಕವು ಹುಟ್ಟಿದ ಬಗೆ

ತೀವ್ರ ನಿಗಾ ಘಟಕ ಎಂಬುದು ಬಹಳ ಹಳೆಯ ಏರ್ಪಾಡಲ್ಲ. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ರೋಗವು ಭಯಂಕರವಾಗಿ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತುಹೋದ ರೋಗಿಗಳನ್ನು, ಮುಖ್ಯವಾಗಿ ಮಕ್ಕಳನ್ನು, ಬ್ಲೆಗ್‌ಡಾಮ್ ಆಸ್ಪತ್ರೆಗೆ ಸಾಲುಸಾಲಾಗಿ ತಂದರು. ಅಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಅವುಗಳ ನೆರವು ಪಡೆದ ಮೊದಲ ೩೧ ರೋಗಿಗಳಲ್ಲಿ ೨೭ ಮಂದಿ ಮೂರು ದಿನಗಳೊಳಗೆ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು, ಗಂಟಲಿನಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ನಳಿಕೆಯಿಟ್ಟು, ರಬ್ಬರ್ ಚೀಲವೊಂದನ್ನು ಕೈಯಿಂದ ಒತ್ತಿ ಗಾಳಿ ತುಂಬುವ ಉಪಾಯವನ್ನು ಸೂಚಿಸಿದರು. ಚೀಲ ಒತ್ತಲು ಹಗಲಿರುಳೂ ಜನ ಬೇಕಲ್ಲ? ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು, ವಾರಗಟ್ಟಲೆ, ರೋಗಿಯ ಪಕ್ಕದಲ್ಲಿ ಕುಳಿತು ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇಂತಹ ರೋಗಿಗಳನ್ನೆಲ್ಲ ಒಂದೆಡೆ ಇರಿಸಿ ಎಡೆಬಿಡದೆ ನೋಡಿಕೊಳ್ಳಬೇಕೆಂಬ ಕಲ್ಪನೆ ಬಲಗೊಂಡುದು ಹೀಗೆ. ೧೯೫೫ರಲ್ಲಿ ಸ್ವೀಡನ್ನಿನ ಗೋಟೆಬೋರ್ಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳಿಗಾಗಿಯೇ ಇಂತಹ ಘಟಕವೊಂದು ಆರಂಭವಾಯಿತು.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಮಗುವನ್ನು ಉಳಿಸಿದ್ದು ಎರಡು: ದೇಹದೊಳಕ್ಕೆ ಹೋದ ಒಂದು ನಳಿಕೆ, ಅದರ ತುದಿಯಲ್ಲಿದ್ದ ಒಂದು ಮನುಷ್ಯನ ಕೈ. ಇಂದಿಗೂ ಹಾಗೆಯೇ. ಉಸಿರಿಗೊಂದು ನಳಿಕೆ, ಮೂತ್ರಕ್ಕೊಂದು ನಳಿಕೆ, ಹೃದಯದ ಬಳಿಯ ದೊಡ್ಡ ರಕ್ತನಾಳದವರೆಗೆ ಹೋಗುವ ಇನ್ನೊಂದು ನಳಿಕೆ. ಇವುಗಳಿಂದಲೇ ಮಗುವಿಗೆ ಗಾಳಿ, ಮದ್ದು, ಆಹಾರ. ಆದರೆ ನಮ್ಮ ಚರ್ಮವೆಂಬುದು ದೇಹಕ್ಕೆ ಕೋಟೆಯ ಗೋಡೆಯಂತೆ. ನಳಿಕೆಯನ್ನು ಇಳಿಸುವುದೆಂದರೆ ಆ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದಂತೆ. ಜೀವವನ್ನು ಒಳಗೆ ಕಳುಹಿಸುವ ದಾರಿಯೇ ರೋಗಾಣುವಿಗೂ ದಾರಿಯಾಗುತ್ತದೆ.

ಆಸ್ಪತ್ರೆಗೆ ಸೇರಿ ಸಾಮಾನ್ಯವಾಗಿ ೪೮ ಗಂಟೆಗಳು ಕಳೆದ ಮೇಲೆ ತೋರುವ, ಸೇರುವಾಗ ದೇಹದಲ್ಲಿ ಇಲ್ಲದಿದ್ದ ಸೋಂಕನ್ನು ವೈದ್ಯರು ಆಸ್ಪತ್ರೆಯ ಸೋಂಕೆಂದು ಎಣಿಸುತ್ತಾರೆ. ಇದು ಯಾವ ವಯಸ್ಸಿನವರಿಗೂ ಬರಬಹುದು. ಮಕ್ಕಳಿಗೆ, ಅದರಲ್ಲಿಯೂ ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ, ಅಪಾಯ ಹೆಚ್ಚು. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಗರ್ಭದಲ್ಲಿರುವ ಶಿಶುವಿಗೆ ಬಹುಮಟ್ಟಿಗೆ ಕೊನೆಯ ಮೂರು ತಿಂಗಳಲ್ಲಿ ದಾಟಿ ಬರುತ್ತವೆ. ಬೇಗ ಹುಟ್ಟಿದ ಮಗು ಆ ಗಂಟನ್ನು ಪೂರ್ತಿಯಾಗಿ ಪಡೆಯುವ ಮೊದಲೇ ಲೋಕಕ್ಕೆ ಬಂದಿರುತ್ತದೆ. ಅದರ ಚರ್ಮವೋ ಬಲು ತೆಳು. ತನಗೆ ಏನಾಗುತ್ತಿದೆಯೆಂದು ಅದು ಬಾಯಿಬಿಟ್ಟು ಹೇಳಲಾರದು. ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು, ಉಸಿರು ಆಗಾಗ ನಿಲ್ಲುವುದು, ಇವೇ ಅದರ ಭಾಷೆ.

ಕೈಯೆಂಬ ವಾಹನ

ಹಾಗಾದರೆ ರೋಗಾಣು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಅದರ ಮುಖ್ಯ ವಾಹನ ಮನುಷ್ಯನ ಕೈ.

ಇದನ್ನು ಮೊದಲು ಅಂಕಿಗಳಿಂದ ತೋರಿಸಿಕೊಟ್ಟವರಲ್ಲಿ ಮುಖ್ಯನು ವಿಯೆನ್ನಾದ ಆಸ್ಪತ್ರೆಯಲ್ಲಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ವೈದ್ಯ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವಿದ್ಯಾರ್ಥಿಗಳು ಶವ ಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರೆಂಬುದೇ ವ್ಯತ್ಯಾಸ. ೧೮೪೭ರ ಮೇ ತಿಂಗಳಲ್ಲಿ ಆತನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನ್ ತಿಂಗಳಲ್ಲಿ ನೂರಕ್ಕೆ ಸುಮಾರು ೨ಕ್ಕೆ ಇಳಿಯಿತು. ಅವನ ಮಾತನ್ನು ಅಂದಿನ ದೊಡ್ಡ ವೈದ್ಯರು ಬಹುಕಾಲ ಒಪ್ಪಲಿಲ್ಲ. ತಮ್ಮ ಕೈಯೇ ಸಾವನ್ನು ಹೊತ್ತು ತಂದಿತೆಂದು ಒಪ್ಪಿಕೊಳ್ಳುವುದು ಯಾವ ಸಜ್ಜನನಿಗೂ ಸುಲಭವಲ್ಲ.

ಇಂದು ಅದನ್ನು ಒಪ್ಪದವರಿಲ್ಲ. ಆದರೆ ಒಪ್ಪುವುದು ಬೇರೆ, ನಡೆಸುವುದು ಬೇರೆ. ಜಿನೀವಾದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ೧೯೯೪ರಲ್ಲಿ ಡಿಡಿಯೇ ಪಿಟೆ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಎಣಿಕೆ ನಡೆಸಿದರು. ಕೈ ಶುದ್ಧಿ ಮಾಡಿಕೊಳ್ಳಬೇಕಾದ ನೂರು ಸಂದರ್ಭಗಳಲ್ಲಿ ಸಿಬ್ಬಂದಿಯವರು ಹಾಗೆ ಮಾಡಿದ್ದು ೪೮ ಸಲ ಮಾತ್ರ. ತೀವ್ರ ನಿಗಾ ಘಟಕಗಳಲ್ಲಂತೂ ೩೬ ಸಲ. ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿಯೇ ಕಡಿಮೆ! ಕಾರಣ ಉದಾಸೀನವೆಂದು ಹೇಳಿಬಿಡುವುದು ಅನ್ಯಾಯ. ಕೆಲಸದ ಒತ್ತಡ ಏರಿದಂತೆಲ್ಲ ಕೈ ತೊಳೆಯುವುದು ಇಳಿಯುತ್ತದೆಂದು ಅದೇ ಎಣಿಕೆ ತೋರಿಸಿತು.

ನನ್ನ ಅಕ್ಕ ಸರ್ಕಾರಿ ಆಸ್ಪತ್ರೆಯೊಂದರ ನವಜಾತ ಶಿಶುಗಳ ಘಟಕದಲ್ಲಿ ದಾದಿಯಾಗಿದ್ದಾಳೆ. ಜಿನೀವಾದ ಈ ಅಂಕಿಗಳನ್ನು ನಾನು ಅವಳಿಗೆ ಓದಿ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ಕೈ ತೊಳೀಬೇಕು ಅಂತ ನಮಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಒಂದು ಕೂಸಿಗೆ ಹಾಲಿನ ನಳಿಕೆ ಸರಿಮಾಡ್ತಿರುವಾಗ ಪಕ್ಕದ ಕೂಸು ಉಸಿರು ನಿಲ್ಲಿಸಿ ನೀಲಿಯಾಗುತ್ತೆ ಕಣೋ. ಆಗ ನಲ್ಲಿ ಹತ್ರ ಹೋಗಿ ಒಂದು ನಿಮಿಷ ನಿಲ್ಲೋ ಧೈರ್ಯ ಯಾರಿಗಿದೆ, ನೀನೇ ಹೇಳು” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಜಿನೀವಾದಲ್ಲಿಯೇ ದೊರೆತಿತ್ತು. ನಲ್ಲಿಯ ಬಳಿಗೆ ದಾದಿಯನ್ನು ಕಳುಹಿಸುವ ಬದಲು, ಆಲ್ಕೊಹಾಲ್ ಬೆರೆತ ಕೈತಿಕ್ಕುವ ದ್ರವದ ಸೀಸೆಯನ್ನು ಪ್ರತಿ ಹಾಸಿಗೆಯ ಪಕ್ಕಕ್ಕೇ ತಂದಿಟ್ಟರು. ಇಪ್ಪತ್ತು ಮೂವತ್ತು ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ೧೯೯೭ರ ಹೊತ್ತಿಗೆ ಕೈ ಶುದ್ಧಿಯು ನೂರಕ್ಕೆ ೬೬ಕ್ಕೆ ಏರಿತು. ಆಸ್ಪತ್ರೆಯ ಸೋಂಕು ಇದ್ದ ರೋಗಿಗಳ ಪ್ರಮಾಣ ಆ ಕೆಲವೇ ವರ್ಷಗಳಲ್ಲಿ ನೂರಕ್ಕೆ ಸುಮಾರು ೧೭ರಿಂದ ೧೦ಕ್ಕೆ ಇಳಿಯಿತು. ಉಪದೇಶವೊಂದೇ ಈ ಕೆಲಸವನ್ನು ಮಾಡಲಿಲ್ಲ. ಒಳ್ಳೆಯದನ್ನು ಮಾಡುವುದು ಸುಲಭವಾಗುವಂತೆ ಏರ್ಪಾಡನ್ನೇ ಬದಲಾಯಿಸಿದರು.

ಮದ್ದು ಸೋಲುವ ಬಗೆ

ಇಷ್ಟೇ ಆಗಿದ್ದರೆ ಚಿಂತೆ ಕಡಿಮೆ. ಸೋಂಕು ತಗುಲಿದರೂ ಮದ್ದು ಇದೆಯಲ್ಲ ಎನ್ನಬಹುದಿತ್ತು. ೧೯೨೮ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟಿನಲ್ಲಿ ಪೆನಿಸಿಲಿನ್ನನ್ನು ಕಂಡರು. ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮೊದಲಾದವರು ಅದನ್ನು ಮದ್ದಾಗಿ ರೂಪಿಸಿದರು. ಅಂದಿನಿಂದ ಬಂದ ಈ ಜಾತಿಯ ಮದ್ದುಗಳನ್ನು ಆಂಟಿಬಯಾಟಿಕ್ ಎನ್ನುತ್ತೇವೆ. ಕನ್ನಡದಲ್ಲಿ ಪ್ರತಿಜೀವಕ ಎನ್ನಬಹುದು. ೧೯೪೫ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಫ್ಲೆಮಿಂಗ್ ಅವರು, ಅರೆಬರೆ ಪ್ರಮಾಣದಲ್ಲಿ ಈ ಮದ್ದನ್ನು ಬಳಸಿದರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುವುವು ಎಂದು ಎಚ್ಚರಿಸಿದ್ದರು. ಹಾಗೆಯೇ ಆಯಿತು. ಪೆನಿಸಿಲಿನ್ನಿಗೆ ಮಣಿಯದ ರೋಗಾಣುಗಳಿಗೆಂದು ಮೆಥಿಸಿಲಿನ್ ಎಂಬ ಹೊಸ ಮದ್ದು ಬಂದಿತು. ಅದು ಬಳಕೆಗೆ ಬಂದು ಎರಡು ವರ್ಷ ತುಂಬುವ ಮೊದಲೇ, ೧೯೬೧ರಲ್ಲಿ, ಅದಕ್ಕೂ ಮಣಿಯದ ರೋಗಾಣು ಇಂಗ್ಲೆಂಡಿನಲ್ಲಿ ವರದಿಯಾಯಿತು.

ಇಲ್ಲಿ ಸಾಮಾನ್ಯವಾಗಿ ಇರುವ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಅಗತ್ಯ. “ಮದ್ದು ತಿಂದೂ ತಿಂದೂ ದೇಹ ಅದಕ್ಕೆ ಒಗ್ಗಿಹೋಗಿದೆ” ಎಂದು ಹೇಳುವುದುಂಟು. ಒಗ್ಗಿಹೋಗುವುದು ನಮ್ಮ ದೇಹವಲ್ಲ, ರೋಗಾಣು. ಅನುಕೂಲ ಸ್ಥಿತಿಯಲ್ಲಿ ಕೆಲವು ರೋಗಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ರೋಗಾಣುವಿನ ಸಂತಾನ ಹತ್ತು ಗಂಟೆಗಳಲ್ಲಿ ನೂರು ಕೋಟಿಯನ್ನು ಮೀರುತ್ತದೆ. ಅಷ್ಟು ದೊಡ್ಡ ಸಂತಾನದಲ್ಲಿ ಎಲ್ಲೋ ಒಂದೆರಡು, ಹುಟ್ಟುವಾಗಿನ ವ್ಯತ್ಯಾಸದಿಂದ, ಮದ್ದನ್ನು ತಾಳಬಲ್ಲವಾಗಿರುತ್ತವೆ. ಮದ್ದು ಬಿದ್ದಾಗ ಉಳಿದವೆಲ್ಲ ಸಾಯುತ್ತವೆ. ಈ ಒಂದೆರಡಕ್ಕೆ ಬಯಲೆಲ್ಲ ತೆರವಾಗುತ್ತದೆ. ಅಗತ್ಯವಿಲ್ಲದ ಕಡೆ ಮದ್ದನ್ನು ಬಳಸುವುದೆಂದರೆ, ಕಳೆ ಕೀಳಲು ಹೋದವನು ಪೈರನ್ನು ಕಿತ್ತು ಕಳೆಯನ್ನೇ ಉಳಿಸಿ ಬಂದಂತೆ. ನಮ್ಮ ಕರುಳಿನಲ್ಲಿ ಉಪಕಾರಿಯಾಗಿ ನೆಲೆಸಿರುವ ಸೂಕ್ಷ್ಮಜೀವಿಗಳು ನಾಶವಾಗಿ, ಮಣಿಯದವು ಉಳಿದುಕೊಳ್ಳುತ್ತವೆ.

ಮಣಿಯದಿರುವುದಕ್ಕೆ ರೋಗಾಣುವಿಗೆ ಹಲವು ಉಪಾಯಗಳಿವೆ. ಮದ್ದನ್ನು ಮುರಿಯುವ ರಸವನ್ನು ತಯಾರಿಸುವುದು ಒಂದು. ಒಳಗೆ ಬಂದ ಮದ್ದನ್ನು ಹೊರಕ್ಕೆ ಎತ್ತಿ ಚೆಲ್ಲುವುದು ಇನ್ನೊಂದು. ಮದ್ದು ಹೋಗಿ ತಾಗುವ ಜಾಗದ ಆಕಾರವನ್ನೇ ಬದಲಾಯಿಸಿಕೊಳ್ಳುವುದು ಮತ್ತೊಂದು. ಇದಕ್ಕಿಂತ ಸೋಜಿಗದ ಸಂಗತಿಯನ್ನು ೧೯೫೦ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಆಮಶಂಕೆಯ ರೋಗಾಣುಗಳಲ್ಲಿ ಕಂಡರು. ಮದ್ದನ್ನು ತಡೆಯುವ ಗುಣವನ್ನು ಒಂದು ರೋಗಾಣು ಇನ್ನೊಂದಕ್ಕೆ, ಬೇರೆ ಜಾತಿಯದಾದರೂ, ದಾಟಿಸಬಲ್ಲದು! ಅಂದರೆ ಅಪಾಯವಿಲ್ಲದ ಜೀವಿಯೊಂದು ಕಲಿತ ವಿದ್ಯೆ, ಅಪಾಯದ ಜೀವಿಗೆ ಹೋಗಿ ಸೇರಬಹುದು.

ಇಂದು ಮಕ್ಕಳ ಘಟಕಗಳಲ್ಲಿ ಹೆಚ್ಚು ಭಯ ಹುಟ್ಟಿಸಿರುವ ಹೆಸರುಗಳು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬುವು. ಅಸಿನೆಟೊಬ್ಯಾಕ್ಟರಂತೂ ಒಣಗಿದ ಮಂಚದ ಸರಳಿನ ಮೇಲೆ, ಯಂತ್ರದ ಗುಂಡಿಯ ಮೇಲೆ ದಿನಗಟ್ಟಲೆ ಬದುಕಿರಬಲ್ಲದು. ಇಂಥವಕ್ಕೆ ಕೊನೆಯ ಅಸ್ತ್ರಗಳೆಂದು ಕಾರ್ಬಾಪೆನೆಮ್ ಗುಂಪಿನ ಮದ್ದುಗಳನ್ನು ವೈದ್ಯರು ಕಾದಿಟ್ಟಿದ್ದರು. ಆ ಗುಂಪನ್ನೂ ಮುರಿಯುವ ಒಂದು ರಸವನ್ನು, ಹೊಸ ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ ಕಂಡು, ೨೦೦೯ರಲ್ಲಿ ವರದಿ ಮಾಡಿದರು. ಅದೂ ಕೈಬಿಟ್ಟರೆ ಉಳಿಯುವುದರಲ್ಲಿ ಕೊಲಿಸ್ಟಿನ್ ಒಂದು. ಇದು ೧೯೫೦ರ ದಶಕದ ಮದ್ದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಬಹುಮಟ್ಟಿಗೆ ಮೂಲೆಗೆ ಸರಿಸಿದ್ದರು. ಗತಿಯಿಲ್ಲದೆ ಅದನ್ನೇ ಮತ್ತೆ ಕೈಗೆತ್ತಿಕೊಳ್ಳಬೇಕಾಗಿ ಬಂದಿದೆ.

ದೆಹಲಿಯ ಲೆಕ್ಕ

ನಮ್ಮ ದೇಶದ ಪರಿಸ್ಥಿತಿಯನ್ನು ಬಲ್ಲ ಲೆಕ್ಕವೊಂದು ೨೦೧೬ರಲ್ಲಿ ಪ್ರಕಟವಾಯಿತು. ೨೦೧೧ರಿಂದ ೨೦೧೪ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ೧೩,೫೩೦ ಶಿಶುಗಳನ್ನು ಕ್ರಮವಾಗಿ ಗಮನಿಸಿ ಬರೆದಿಟ್ಟ ಲೆಕ್ಕ ಅದು. ಅವರಲ್ಲಿ ನೂರಕ್ಕೆ ಸುಮಾರು ೧೪ ಶಿಶುಗಳಿಗೆ ರಕ್ತದ ಸೋಂಕು ತಗುಲಿತ್ತು. ಸತ್ತ ಶಿಶುಗಳಲ್ಲಿ ಸುಮಾರು ಕಾಲುಭಾಗದ ಸಾವಿಗೆ ಈ ಸೋಂಕೇ ಕಾರಣ. ಪರೀಕ್ಷೆಯಲ್ಲಿ ದೊರೆತ ರೋಗಾಣುಗಳ ಪೈಕಿ ಅಸಿನೆಟೊಬ್ಯಾಕ್ಟರ್ ಮೊದಲನೆಯದು, ಕ್ಲೆಬ್ಸಿಯೆಲ್ಲಾ ಎರಡನೆಯದು. ಅಸಿನೆಟೊಬ್ಯಾಕ್ಟರಿನಲ್ಲಿ ನೂರಕ್ಕೆ ೮೨, ಕ್ಲೆಬ್ಸಿಯೆಲ್ಲಾದಲ್ಲಿ ನೂರಕ್ಕೆ ೫೪ ಹಲವು ಗುಂಪಿನ ಮದ್ದುಗಳಿಗೆ ಮಣಿಯದವಾಗಿದ್ದವು.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಅಂಶ ಇನ್ನೊಂದು. ಸೋಂಕುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು, ಮಗು ಹುಟ್ಟಿದ ಮೊದಲ ೭೨ ಗಂಟೆಗಳೊಳಗೇ ತೋರಿದ್ದವು. ಅವುಗಳ ರೋಗಾಣುಗಳೂ, ಅನಂತರ ಬರುವ ಸೋಂಕುಗಳ ರೋಗಾಣುಗಳೂ ಹೆಚ್ಚು ಬೇರೆಯಾಗಿರಲಿಲ್ಲ. ಎಂದಮೇಲೆ ಮೂರು ದಿನದ ಆ ಶಿಶು ಯಾವ ಮದ್ದನ್ನು ದುರುಪಯೋಗ ಮಾಡಿತ್ತು? ಯಾವ ಗುಳಿಗೆಯನ್ನು ಅರ್ಧಕ್ಕೆ ನಿಲ್ಲಿಸಿತ್ತು? ಒಂದು ಮದ್ದನ್ನೂ ನುಂಗದ ಕೂಸು, ನಾವೆಲ್ಲ ಸೇರಿ ಮಾಡಿದ ಸಾಲವನ್ನು ತೀರಿಸಬೇಕಾಗಿ ಬಂದಿದೆ. ಲೋಕದ ಒಟ್ಟು ಲೆಕ್ಕವೂ ಇದನ್ನೇ ಹೇಳುತ್ತದೆ. ಮದ್ದಿಗೆ ಮಣಿಯದ ರೋಗಾಣುಗಳೇ ನೇರ ಕಾರಣವಾಗಿ ೨೦೧೯ರಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನ ಸತ್ತರೆಂದು ಅಂದಾಜು; ಐವರಲ್ಲಿ ಒಬ್ಬರು ಐದು ವರ್ಷ ತುಂಬದ ಮಕ್ಕಳು.

ಕೆರೆಯ ನೀರು, ಕೊನೆಯ ಗದ್ದೆ

ಈಗ ನಮ್ಮ ಶಾಸ್ತ್ರದ ಮಾತಿಗೆ ಬರೋಣ. ಅಂಗಡಿಯಲ್ಲಿ ಕೊಂಡ ಗುಳಿಗೆ ಕೊಂಡವನ ಸ್ವತ್ತು, ನಿಜ. ಆದರೆ ಆ ಗುಳಿಗೆಯಲ್ಲಿರುವ ಶಕ್ತಿ ಅವನೊಬ್ಬನ ಸ್ವತ್ತಲ್ಲ. ಅದು ಊರಿನ ಕೆರೆಯ ನೀರಿನಂತೆ. ಒಬ್ಬನು ತನ್ನ ನೆಗಡಿಗೆಂದು ಅದನ್ನು ವೃಥಾ ಹರಿಸಿದರೆ ಅವನಿಗೆ ಆಗುವ ನಷ್ಟ ಹತ್ತಿಪ್ಪತ್ತು ರೂಪಾಯಿ. ಕೆರೆಯಲ್ಲಿ ತಗ್ಗಿದ ನೀರಿನ ನಷ್ಟ ಎಲ್ಲರದು. ಬಹುತೇಕ ನೆಗಡಿಗಳು ವೈರಸ್ಸಿನಿಂದ ಬರುವಂಥವು. ಅವುಗಳ ಮೇಲೆ ಪ್ರತಿಜೀವಕಗಳು ಕೆಲಸವನ್ನೇ ಮಾಡುವುದಿಲ್ಲ. ಒಬ್ಬನು ಮಾಡಿದ ಖರ್ಚಿನ ಭಾರ ಬೆಲೆಯಲ್ಲಿ ಕಾಣಿಸಿಕೊಳ್ಳದೆ ಇನ್ನೊಬ್ಬನ ತಲೆಯ ಮೇಲೆ ಬೀಳುವುದನ್ನು ಕೇಂಬ್ರಿಡ್ಜಿನ ಪಿಗು ಅವರು ೧೯೨೦ರಲ್ಲಿಯೇ ವಿವರಿಸಿದ್ದರು. ಕೆರೆಯ ನೀರು ಸಾಲದಾದಾಗ ಮೊದಲು ಒಣಗುವುದು ಅಚ್ಚುಕಟ್ಟಿನ ಕೊನೆಯ ಗದ್ದೆ. ಮದ್ದಿನ ಶಕ್ತಿ ತಗ್ಗಿದಾಗಲೂ ಗಟ್ಟಿಮುಟ್ಟಾದ ತರುಣನು ಹೇಗೋ ಚೇತರಿಸಿಕೊಂಡಾನು. ಕೊನೆಯ ಗದ್ದೆ ಯಾವುದೆಂದರೆ, ಒಂದೂಕಾಲು ಕಿಲೋ ತೂಕದ ಆ ಶಿಶು.

ಹೊಸ ಮದ್ದುಗಳನ್ನು ಕಂಡುಹಿಡಿದರೆ ಆಯಿತಲ್ಲ ಎಂದು ಕೇಳಬಹುದು. ಅಲ್ಲಿಯೂ ಅರ್ಥಶಾಸ್ತ್ರ ಅಡ್ಡ ಬರುತ್ತದೆ. ಹೊಸ ಪ್ರತಿಜೀವಕವನ್ನು ಕಡಿಮೆ ಬಳಸುವುದೇ ವಿವೇಕ; ಕಡಿಮೆ ಬಳಸಿದರೆ ತಯಾರಿಸಿದವನಿಗೆ ಲಾಭವಿಲ್ಲ. ಅಮೆರಿಕದ ಅಕಾವೊಜೆನ್ ಎಂಬ ಕಂಪನಿಯ ಹೊಸ ಮದ್ದಿಗೆ ೨೦೧೮ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ೨೦೧೯ರಲ್ಲಿ ಕಂಪನಿ ದಿವಾಳಿಯೆದ್ದಿತು. ಇದನ್ನು ಕಂಡು ಇಂಗ್ಲೆಂಡಿನಲ್ಲಿ ೨೦೨೨ರಲ್ಲಿ, ಎಷ್ಟು ಮಾರಾಟವಾಯಿತೆಂದು ನೋಡದೆ, ಎರಡು ಮದ್ದುಗಳಿಗೆ ವರ್ಷಕ್ಕೆ ಇಷ್ಟೆಂದು ಗೊತ್ತಾದ ಹಣ ಕೊಡುವ ಪ್ರಯೋಗವನ್ನು ಆರಂಭಿಸಿದರು. ಹೊಸ ಮದ್ದು ಬಂದರೂ ಅದನ್ನು ಹಳೆಯದರಂತೆ ಹರಿಯಬಿಟ್ಟರೆ ಅದರ ಗತಿಯೂ ಅಷ್ಟೆ.

ಎಲ್ಲರ ಸ್ವತ್ತು ಯಾರ ಸ್ವತ್ತೂ ಅಲ್ಲದಂತಾಗಿ ಹಾಳಾಗಿಯೇ ತೀರುತ್ತದೆಂದು ೧೯೬೮ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಆದರೆ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯು ಲೋಕದ ನಾನಾ ಕಡೆಯ ಕಾಡು, ಕಾಲುವೆ, ಮೀನುಗಾರಿಕೆಗಳನ್ನು ಪರಿಶೀಲಿಸಿ, ಜನರು ತಾವೇ ಕಟ್ಟಳೆ ಮಾಡಿಕೊಂಡು, ತಾವೇ ಕಾವಲಿದ್ದು, ಅನೇಕ ಸ್ವತ್ತುಗಳನ್ನು ತಲೆಮಾರುಗಳವರೆಗೆ ಉಳಿಸಿಕೊಂಡಿದ್ದಾರೆಂದು ತೋರಿಸಿದರು. ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ನಾಡಿನವರಿಗೆ ಇದು ಹೊಸ ಮಾತಲ್ಲ. ನಮ್ಮ ಹಳ್ಳಿಗಳಲ್ಲಿ ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವ ನೀರುಗಂಟಿಯಿದ್ದ. ಕೊನೆಯ ಗದ್ದೆಗೂ ನೀರು ಹೋಗುವಂತೆ ಮಾಡುವುದು ಅವನ ಕೆಲಸ. ಮದ್ದಿನ ಕೆರೆಗೂ ನೀರುಗಂಟಿ ಬೇಕು.

ಗೆಲುವಿನ ಉದಾಹರಣೆಗಳು

ಇದುವರೆಗೆ ಹೇಳಿದ್ದನ್ನು ಕೇಳಿ ನಿರಾಶರಾಗಬೇಕಾಗಿಲ್ಲ. ಅಮೆರಿಕದ ಮಿಶಿಗನ್ ಸಂಸ್ಥಾನದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ರಕ್ತನಾಳದ ನಳಿಕೆಯ ಬಗ್ಗೆ ಐದೇ ನಿಯಮಗಳನ್ನು ಪಾಲಿಸಿದರು: ಕೈ ತೊಳೆಯುವುದು, ನಳಿಕೆ ಇಳಿಸುವಾಗ ರೋಗಿಯ ಮೈಯನ್ನು ಶುದ್ಧವಾದ ಬಟ್ಟೆಯಿಂದ ಪೂರ್ತಿ ಮುಚ್ಚಿ, ಇಳಿಸುವವರೂ ಶುದ್ಧವಾದ ನಿಲುವಂಗಿ, ಕೈಗವಸು, ಮುಖವಸ್ತ್ರಗಳನ್ನು ಧರಿಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ನಿನಿಂದ ಶುದ್ಧಮಾಡುವುದು, ತೊಡೆಯ ಸಂದಿಯ ಜಾಗವನ್ನು ಆದಷ್ಟು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು. ೨೦೦೬ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ನಳಿಕೆ ಒಂದು ದಿನ ಇದ್ದರೆ ಒಂದು ನಳಿಕೆ-ದಿನ ಎಂದು ಎಣಿಸಿದಾಗ, ಸಾವಿರ ನಳಿಕೆ-ದಿನಗಳಿಗೆ ಸರಾಸರಿ ೭.೭ ಇದ್ದ ಸೋಂಕು ಒಂದೂವರೆ ವರ್ಷದಲ್ಲಿ ೧.೪ಕ್ಕೆ ಇಳಿದಿತ್ತು.

ಮಕ್ಕಳ ವಿಷಯದಲ್ಲಿ ಇನ್ನೊಂದು ಪಾಠ ದೊರೆಯಿತು. ಅಮೆರಿಕದ ೨೯ ಮಕ್ಕಳ ಘಟಕಗಳು ಸೇರಿ ನಡೆಸಿದ ಪ್ರಯತ್ನದ ವರದಿ ೨೦೧೦ರಲ್ಲಿ ಬಂದಿತು. ಅಲ್ಲಿ ಸೋಂಕು ಸಾವಿರ ನಳಿಕೆ-ದಿನಗಳಿಗೆ ೫.೪ರಿಂದ ೩.೧ಕ್ಕೆ ಇಳಿಯಿತು. ಮಕ್ಕಳಲ್ಲಿ ಈ ಇಳಿತಕ್ಕೆ ಮುಖ್ಯ ಕಾರಣ ನಳಿಕೆಯನ್ನು ಇಳಿಸುವ ಆ ಒಂದು ಗಳಿಗೆಯ ಎಚ್ಚರವಲ್ಲ. ಅನಂತರ ದಿನದಿನವೂ ಅದನ್ನು ನೋಡಿಕೊಳ್ಳುವ ರೀತಿ. ಮುಟ್ಟುವ ಮೊದಲು ನಳಿಕೆಯ ಬಾಯಿಯನ್ನು ಪ್ರತಿ ಸಲವೂ ಉಜ್ಜಿ ಶುದ್ಧಮಾಡುವುದು, ಮೇಲಿನ ಪಟ್ಟಿಯನ್ನು ಕಾಲಕಾಲಕ್ಕೆ ಬದಲಾಯಿಸುವುದು, “ಈ ನಳಿಕೆ ಇಂದೂ ಬೇಕೆ?” ಎಂದು ಪ್ರತಿದಿನ ಕೇಳಿಕೊಳ್ಳುವುದು. ಇವು ದಾದಿಯರ ಕೆಲಸಗಳು. ಪತ್ರಿಕೆಗಳಲ್ಲಿ ಹೆಸರು ಬರುವಂಥವಲ್ಲ. ಆದರೆ ಮದ್ದಿಗೆ ಮಣಿಯದ ರೋಗಾಣುವೂ ಶುದ್ಧವಾದ ಕೈಗೆ ಮಣಿಯುತ್ತದೆ. ತಡೆದ ಪ್ರತಿಯೊಂದು ಸೋಂಕೂ ಕೆರೆಯಲ್ಲಿ ಉಳಿದ ನೀರು.

ಮೂರನೆಯ ಉದಾಹರಣೆ ತಾಯಿಯದು. ೧೯೭೦ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಶಿಶುಗಳ ಪೆಟ್ಟಿಗೆಗಳು ಸಾಲದೆ, ಒಂದರಲ್ಲಿ ಹಲವರನ್ನು ಮಲಗಿಸಿ ಸೋಂಕು ಹಬ್ಬುತ್ತಿದ್ದಾಗ, ಕಡಿಮೆ ತೂಕದ ಶಿಶುವನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಕಟ್ಟುವ ಪದ್ಧತಿಯನ್ನು ಆರಂಭಿಸಿದರು. ಕಾಂಗರೂ ಆರೈಕೆ ಎಂಬ ಹೆಸರು ಅದಕ್ಕೆ ಬಂದಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ, ಒಂದು ಕಿಲೋದಿಂದ ೧.೮ ಕಿಲೋದೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿ ನೋಡಿದ ಪ್ರಯೋಗದ ಫಲ ೨೦೨೧ರಲ್ಲಿ ಪ್ರಕಟವಾಯಿತು. ಮೊದಲ ೨೮ ದಿನಗಳ ಸಾವು ನೂರಕ್ಕೆ ೧೫.೭ರ ಬದಲು ೧೨ ಆಯಿತು. ರಕ್ತದ ಸೋಂಕೂ ತಗ್ಗಿತು. ಇದಕ್ಕೆ ಬೇಕಾದುದು, ತಾಯಿ ಮಗುವನ್ನು ಬೇರೆ ಮಾಡದೆ ಘಟಕದೊಳಗೇ ಆಕೆಗೊಂದು ಮಂಚ.

ನಮ್ಮ ಪಾಲು

ನಮ್ಮ ಸರ್ಕಾರವೂ ತೂಬಿನ ಬಳಿ ಕಾವಲನ್ನು ಇರಿಸಿದೆ. ೨೦೧೪ರ ಮಾರ್ಚಿಯಿಂದ ಎಚ್-೧ ಎಂಬ ಪಟ್ಟಿಗೆ ಸೇರಿದ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು; ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ೨೦೧೬ರಿಂದ, ಹಾಳೆಯ ಮೇಲೆ ಕೆಂಪು ಗೆರೆಯಿರುವ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಬೇಡಿರೆಂದು ಪ್ರಚಾರ ನಡೆಸಿದೆ. ೨೦೧೭ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆಯೊಂದು ಸಿದ್ಧವಾಯಿತು. ೨೦೧೯ರ ಜುಲೈಯಲ್ಲಿ, ಆಹಾರಕ್ಕಾಗಿ ಸಾಕುವ ಕೋಳಿ, ಮೀನು ಮೊದಲಾದವಕ್ಕೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಮಗುವಿನ ಕೊನೆಯ ಮದ್ದು ಕೋಳಿಯ ಮೇವಿನಲ್ಲಿ ಹೋಗುತ್ತಿತ್ತೆಂಬುದನ್ನು ನೆನೆದರೆ ಈ ನಿಷೇಧದ ಬೆಲೆ ತಿಳಿಯುತ್ತದೆ.

ಆದರೆ ಕಟ್ಟಳೆಯೊಂದೇ ಕೆರೆಯನ್ನು ಕಾಯದು. ಪರೀಕ್ಷೆ ಹತ್ತಿರ ಬಂದಾಗ ಜ್ವರ ಬಂದರೆ, ಹಾಸ್ಟೆಲಿನಲ್ಲಿ ಒಬ್ಬನಿಗೆ ಬರೆದುಕೊಟ್ಟ ಗುಳಿಗೆಯಲ್ಲಿ ಉಳಿದ ನಾಲ್ಕನ್ನು ಇನ್ನೊಬ್ಬನು ನುಂಗುವುದು ನಮಗೆಲ್ಲ ತಿಳಿದ ಸಂಗತಿ. ಅದು ಸ್ನೇಹವೆಂದೇ ನಡೆಯುತ್ತದೆ. ಅಂಗಡಿಯವರನ್ನು ಕಾಡಿ “ಜೋರಾದ ಗುಳಿಗೆ” ಕೇಳುವುದೂ, ಬರೆದುಕೊಡದ ವೈದ್ಯರನ್ನು ಕೈಗುಣವಿಲ್ಲದವರೆಂದು ದೂರುವುದೂ ನಮ್ಮ ಊರುಗಳಲ್ಲಿ ಉಂಟು. ವಾರ್ಡಿನಲ್ಲಿ ಮಗುವನ್ನು ನೋಡಲು ಹತ್ತು ಮಂದಿ ಹೋಗಿ, ಹತ್ತು ಮಂದಿಯೂ ಗಲ್ಲ ಮುಟ್ಟಿ ಬರುವುದನ್ನು ನಾವು ಪ್ರೀತಿಯೆಂದು ತಿಳಿದಿದ್ದೇವೆ. ಇವನ್ನು ಬಿಡುವುದಕ್ಕೆ ವಿಜ್ಞಾನದ ಪದವಿ ಬೇಕಾಗಿಲ್ಲ.

ಇನ್ನೊಂದು ಮಾತು, ನಾಳೆ ಆಡಳಿತದಲ್ಲಿಯೋ ಪಂಚಾಯತಿಯಲ್ಲಿಯೋ ಪತ್ರಿಕೆಯಲ್ಲಿಯೋ ಕೆಲಸ ಮಾಡಲಿರುವ ನಮ್ಮ ವಿಭಾಗದವರಿಗೆ. ಆಸ್ಪತ್ರೆಗೆ ಹೊಸ ಯಂತ್ರ ಬಂದರೆ ಅದಕ್ಕೆ ಹಾರ ಹಾಕಿ ಉದ್ಘಾಟನೆ ಮಾಡುತ್ತೇವೆ. ಒಬ್ಬ ದಾದಿಗೆ ಎಷ್ಟು ಶಿಶುಗಳು, ಹಾಸಿಗೆಯ ಪಕ್ಕದ ಸೀಸೆಯಲ್ಲಿ ದ್ರವ ಇದೆಯೆ, ನಲ್ಲಿಯಲ್ಲಿ ನೀರು ಬರುತ್ತಿದೆಯೆ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೋಪನ್‌ಹೇಗನ್ನಿನಲ್ಲಿ ೧,೫೦೦ ವಿದ್ಯಾರ್ಥಿಗಳ ಕೈಗಳು ಬೇಕಾಗಿದ್ದವು. ನಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಬೇಡದ ಗುಳಿಗೆಯತ್ತ ಕೈ ಚಾಚದಿರುವುದು, ಮುಟ್ಟುವ ಮೊದಲು ಕೈ ತೊಳೆಯುವುದು, ಲೆಕ್ಕ ಕೇಳಬೇಕಾದ ಕಡೆ ಕೈ ಎತ್ತುವುದು, ಇಷ್ಟನ್ನು ನಾವು ಮಾಡಬಲ್ಲೆವು. ಸಹಪಾಠಿಗಳೂ ಅಧ್ಯಾಪಕ ವರ್ಗದವರೂ ಈ ವಿಷಯದಲ್ಲಿ ಯೋಚಿಸಬೇಕೆಂದು ನನ್ನ ವಿನಂತಿ.